ಕಾಲೇಜು ಬಿಟ್ಟ ಮೇಲೆ, ಕಾಯಿಲೆಯ ಜೊತೆಗೆ ಬರೆಯುವುದು

ಪಾಠ, ಸಂಶೋಧನೆ ಅಂತ ವರ್ಷಗಟ್ಟಲೆ ಕಾಲೇಜಿನಲ್ಲೇ ಬೆಳೆದವರು ವಾಸಿಯಾಗದ ಕಾಯಿಲೆಯಿಂದ ಅದನ್ನು ಬಿಟ್ಟು ಮನೆ ಸೇರಿದಾಗ, ಸಮಾಧಾನ ಹೇಳಲು ಬರುವವರ ಬಾಯಲ್ಲಿ ಕೆಲವು ಮಾತುಗಳು ಸಿದ್ಧವಾಗಿರುತ್ತವೆ. ಎಲ್ಲವೂ ಒಳ್ಳೆಯ ಮನಸ್ಸಿನಿಂದ ಬಂದವೇ. ಆದರೆ ಅವುಗಳಲ್ಲಿ ಹೆಚ್ಚಿನವು ಸುಳ್ಳು, ಮತ್ತು ಬರೆಯಬೇಕೆಂದಿರುವವರ ಕೈಯನ್ನು ಕಟ್ಟಿಹಾಕುವಂಥವು. ನಾನು ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಪಾಠ ಮಾಡುತ್ತಿದ್ದವಳು. ರುಮಟಾಯ್ಡ್ ಸಂಧಿವಾತ ಬಂದು ಆ ಕೆಲಸ ಬಿಟ್ಟ ಮೇಲೆ ಬರವಣಿಗೆಯನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಇಂಥದೇ ದಾರಿಯಲ್ಲಿರುವ ಬೇರೆಯವರಿಗೆ ಉಪಯೋಗವಾದೀತೆಂದು, ಆ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ನೋಡುತ್ತೇನೆ.

ತಪ್ಪು ಕಲ್ಪನೆ: “ಇಂಥ ಕಾಯಿಲೆ ಬಂದ ಮೇಲೆ ರಾಜೀನಾಮೆ ಕೊಡದೆ ವಿಧಿಯಿಲ್ಲ.”

ವಾಸ್ತವ: ಕಾಯಂ ನೌಕರಿಯಲ್ಲಿರುವವರು ಈ ಮಾತನ್ನು ನಂಬಿ ಅವಸರಪಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ 4ನೇ ಉಪಕಲಮು ಸ್ಪಷ್ಟವಾಗಿದೆ: ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಕೆಳದರ್ಜೆಗೆ ಇಳಿಸುವಂತಿಲ್ಲ. ಹಿಂದಿನ ಕೆಲಸ ಮಾಡಲಾಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿಯಿಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಕಾಯ್ದೆಯ ಪ್ರಕಾರ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಯೂ ಇದರೊಳಗೆ ಬರುತ್ತದೆ.

ತೊಡಕು ಬೇರೆ ಕಡೆ ಇದೆ. ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್, ಪಾರ್ಕಿನ್ಸನ್ ಕಾಯಿಲೆಗಳ ಹೆಸರಿದೆ. ಸಂಧಿವಾತದ ಹೆಸರಿಲ್ಲ, ಲೂಪಸ್ ಹೆಸರೂ ಇಲ್ಲ. ಕೀಲುಗಳು ಕೆಟ್ಟು ಚಲನೆಗೆ ಅಡ್ಡಿಯಾದರೆ ಚಲನ ಅಂಗವೈಕಲ್ಯದ ಲೆಕ್ಕದಲ್ಲಿ ಪ್ರಮಾಣಪತ್ರ ಕೇಳಬಹುದು. ಅಲ್ಲಿ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂದು ಅಳೆಯುತ್ತಾರೆ. ಎರಡು ತರಗತಿ ಮುಗಿಸಿ ಬಂದವರು ಸ್ಟಾಫ್ ರೂಮಿನ ಮೇಜಿಗೆ ತಲೆಯಿಟ್ಟು ಮಲಗುವ ಸುಸ್ತನ್ನು ಅಳೆಯುವ ಪಟ್ಟಿ ಅಲ್ಲಿಲ್ಲ.

ಬಿಡಲೇಬೇಕೆಂದಾದರೂ ರಾಜೀನಾಮೆ ಮತ್ತು ಸ್ವಯಂ ನಿವೃತ್ತಿ ಎರಡೂ ಒಂದೇ ಅಲ್ಲ ಎಂಬುದು ಗೊತ್ತಿರಲಿ. ಸರ್ಕಾರಿ ಸೇವೆಗೆ ರಾಜೀನಾಮೆ ಕೊಟ್ಟರೆ ಅಲ್ಲಿಯವರೆಗಿನ ಸೇವೆ ಪಿಂಚಣಿ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಬೇಸತ್ತು ಒಂದು ಸಂಜೆ ಬರೆದುಕೊಟ್ಟ ಕಾಗದ ಮುಂದಿನ ಮೂವತ್ತು ವರ್ಷದ ಔಷಧಿಯ ದುಡ್ಡನ್ನು ನುಂಗಬಲ್ಲದು.

ನನ್ನಂಥ ಅತಿಥಿ ಉಪನ್ಯಾಸಕರಿಗೆ ಈ ಯಾವ ಆಸರೆಯೂ ಇರಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ, ಅಷ್ಟೆ. “ನಿಮಗೂ ವಿಶ್ರಾಂತಿ ಬೇಕಿತ್ತಲ್ಲ ಮೇಡಂ” ಎಂದರು. ಬೋಧನೆಯ ಹೊರೆಯ ದೊಡ್ಡ ಪಾಲನ್ನು ಹೊತ್ತವರಿಗೆ ಕಾಯಿಲೆ ಬಿದ್ದರೆ ಹೇಳಲು ಒಂದು ನಿಯಮವೂ ಇಲ್ಲದಿದ್ದುದು ಅನ್ಯಾಯ. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ತಪ್ಪು ಕಲ್ಪನೆ: “ಈಗ ಮನೆಯಲ್ಲೇ ಇರ್ತೀರಿ, ಬರೆಯೋಕೆ ಬೇಕಾದಷ್ಟು ಟೈಮು.”

ವಾಸ್ತವ: ಗಡಿಯಾರದ ಹೊತ್ತು ಬೇರೆ, ಬರೆಯಬಲ್ಲ ಹೊತ್ತು ಬೇರೆ. ರುಮಟಾಯ್ಡ್ ಸಂಧಿವಾತ ವಯಸ್ಸಾದವರ ಮಂಡಿ ಸವೆತವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿ ಕೀಲುಗಳ ಒಳಪೊರೆಯ ಮೇಲೆ ಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೊದಲು ಹಿಡಿಯುವುದು ಸಾಮಾನ್ಯವಾಗಿ ಬೆರಳಿನ ಬುಡ, ಮಣಿಕಟ್ಟು, ಅದೂ ಎರಡೂ ಕೈಗಳಲ್ಲಿ ಒಟ್ಟಿಗೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚುವುದಿಲ್ಲ. ಈ ಬಿಗಿತ ಒಂದು ಗಂಟೆಗೂ ಮೀರಿ ಇರುತ್ತದೆ. ಆ ಹೊತ್ತಿನಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲು ಕತ್ತರಿಯ ಎರಡು ಕಣ್ಣಿಗೂ ಬೆರಳು ತೂರುವುದಿಲ್ಲ. ಪ್ಯಾಕೆಟ್ಟನ್ನು ಪಾತ್ರೆಯೊಳಗೆ ನಿಲ್ಲಿಸಿ, ಎರಡೂ ಅಂಗೈಗಳ ನಡುವೆ ಚಾಕು ಹಿಡಿದು ಚುಚ್ಚುತ್ತೇನೆ. ಬಿಸಿನೀರಿನಲ್ಲಿ ಕೈ ಅದ್ದಿಟ್ಟು, ಹೆಬ್ಬೆರಳು ಕಿರುಬೆರಳಿನ ಬುಡ ಮುಟ್ಟುತ್ತದೆಯೇ ಎಂದು ನೋಡುತ್ತೇನೆ. ಮುಟ್ಟಿದರೆ ಅವತ್ತು ಪೆನ್ನು.

ಇದರ ಮೇಲೆ ಔಷಧಿಯ ಪಂಚಾಂಗ. ಈ ಕಾಯಿಲೆಗೆ ಹೆಚ್ಚಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧಿ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ನುಂಗಿದ ಮರುದಿನ ಹಲವರಿಗೆ ಹೊಟ್ಟೆ ತೊಳಸು, ಮಂಕು. ನಾನು ಶನಿವಾರ ರಾತ್ರಿ ತೆಗೆದುಕೊಳ್ಳುತ್ತೇನೆ, ಹಾಗಾಗಿ ಭಾನುವಾರ ಏನನ್ನೂ ಬರೆಯುವುದಿಲ್ಲ. ತಿದ್ದುವುದೂ ಇಲ್ಲ, ಏಕೆಂದರೆ ಆ ದಿನ ತಿದ್ದಿದ್ದನ್ನು ಮಂಗಳವಾರ ಮತ್ತೆ ಹಿಂದಿನಂತೆ ಮಾಡಬೇಕಾಗುತ್ತದೆ.

ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್, ಅಂದರೆ ದೀರ್ಘ ಆಯಾಸದ ಕಾಯಿಲೆ ಇರುವವರ ಸ್ಥಿತಿ ಇನ್ನೂ ಕಠಿಣ. ಅವರಲ್ಲಿ ಶ್ರಮದ ಬೆಲೆಯನ್ನು ದೇಹ ಒಂದೆರಡು ದಿನ ತಡವಾಗಿ ಕೇಳುತ್ತದೆ. ಸೋಮವಾರ ಹುಮ್ಮಸ್ಸಿನಲ್ಲಿ ಬರೆದ ನಾಲ್ಕು ಪುಟಕ್ಕೆ ಬುಧವಾರ ಹಾಸಿಗೆ ಹಿಡಿಯಬೇಕಾಗುತ್ತದೆ. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆ 2021ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿ, ಈ ರೋಗಿಗಳಿಗೆ ವ್ಯಾಯಾಮವನ್ನು ಹಂತಹಂತವಾಗಿ ಏರಿಸುತ್ತ ಹೋಗುವ ಚಿಕಿತ್ಸೆ ಬೇಡವೆಂದಿತು. ಇರುವ ಶಕ್ತಿಯ ಮಿತಿಯೊಳಗೇ ಕೆಲಸ ಮುಗಿಸುವುದು ಅದು ಮುಂದಿಟ್ಟ ದಾರಿ. ಬರೆಯುವವರಿಗೆ ಇದರ ಅರ್ಥ, ಚೆನ್ನಾಗಿ ಸಾಗುತ್ತಿರುವಾಗಲೇ ಪೆನ್ನು ಕೆಳಗಿಡಬೇಕು. ಅದಕ್ಕಿಂತ ಕಷ್ಟದ ಶಿಸ್ತನ್ನು ನಾನು ಕಂಡಿಲ್ಲ.

ತಪ್ಪು ಕಲ್ಪನೆ: “ಛಲ ಒಂದಿದ್ದರೆ ಸಾಕು.”

ವಾಸ್ತವ: ನಮ್ಮ ಸನ್ಮಾನದ ಭಾಷಣಗಳಲ್ಲಿ ಈ ಮಾತಿಗೆ ಭಾರಿ ಬೆಲೆ. ಕಾಯಿಲೆಯ ನಡುವೆ ಬರೆದವರ ಬದುಕನ್ನು ಹತ್ತಿರದಿಂದ ನೋಡಿದರೆ ಛಲದ ಹಿಂದೆ ಒಂದು ಏರ್ಪಾಡು ಕಾಣುತ್ತದೆ. ಅದಿಲ್ಲದೆ ಛಲ ಒಂದು ವಾರವೂ ನಡೆಯುವುದಿಲ್ಲ.

ಜರ್ಮನ್ ತತ್ವಜ್ಞಾನಿ ನೀಚೆಯನ್ನೇ ನೋಡಿ. 1869ರಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾಷಾಶಾಸ್ತ್ರದ ಪ್ರಾಧ್ಯಾಪಕನಾದವನು ಆತ. ದಿನಗಟ್ಟಲೆ ಬಿಡದ ತಲೆಶೂಲೆ, ವಾಂತಿ, ಕುರುಡಿಗೆ ಸಮೀಪದ ದೃಷ್ಟಿದೋಷ. 1879ರಲ್ಲಿ, 34ನೇ ವಯಸ್ಸಿನಲ್ಲಿ, ಹುದ್ದೆ ಬಿಟ್ಟ. ಇಂದು ಜಗತ್ತು ಓದುವ ಅವನ ಮುಖ್ಯ ಪುಸ್ತಕಗಳಲ್ಲಿ ಹೆಚ್ಚಿನವು ಬಂದದ್ದು ಆಮೇಲಿನ ಹತ್ತು ವರ್ಷಗಳಲ್ಲಿ. ‘ಜರತುಷ್ಟ್ರ’ ಕೂಡ ಆಗಲೇ ಬಂತು. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಇದನ್ನು: ಬಾಸೆಲ್ ಅವನಿಗೆ ವರ್ಷಕ್ಕೆ 3000 ಫ್ರಾಂಕ್ ಪಿಂಚಣಿ ಕೊಟ್ಟಿತು. ಅಷ್ಟರಲ್ಲಿ ಆಲ್ಪ್ಸ್ ಬೆಟ್ಟದ ಸಿಲ್ಸ್ ಮರಿಯಾ ಹಳ್ಳಿಯಲ್ಲಿ ಬೇಸಿಗೆಗೊಂದು ಬಾಡಿಗೆ ಕೋಣೆ, ಚಳಿಗಾಲಕ್ಕೆ ನೀಸ್ ಅಥವಾ ಜಿನೋವಾದಲ್ಲಿ ಇನ್ನೊಂದು ಎಂಬಂತೆ ಬದುಕು ಸಾಗಿತು. ಮೇಜಿನ ಮುಂದೆ ಬಗ್ಗಿ ಕೂರಲಾಗದಾಗ ನಡೆಯುತ್ತ ಯೋಚಿಸಿ ಸಣ್ಣ ನೋಟುಪುಸ್ತಕಗಳಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದ. ಆ ಗೀಚುಬರಹವನ್ನು ಓದಿ ಶುದ್ಧಪ್ರತಿ ಮಾಡಿ, ಕರಡು ತಿದ್ದಿ ಕೊಡುತ್ತಿದ್ದವನು ಹೈನ್ರಿಶ್ ಕೋಸೆಲಿಟ್ಸ್ ಎಂಬ ಶಿಷ್ಯ. 1882ರಲ್ಲಿ, ಕಣ್ಣಿನ ಶ್ರಮ ತಪ್ಪಿಸಲೆಂದು, ಡೆನ್ಮಾರ್ಕಿನ ಮಾಲಿಂಗ್-ಹ್ಯಾನ್ಸೆನ್ ಕಂಡುಹಿಡಿದ ಚೆಂಡಿನಾಕಾರದ ಟೈಪ್‌ರೈಟರ್ ತರಿಸಿಕೊಂಡ. ಅದು ದಾರಿಯಲ್ಲೇ ಪೆಟ್ಟು ತಿಂದಿತ್ತು, ಕೆಲವೇ ವಾರಗಳಲ್ಲಿ ಕೈಕೊಟ್ಟಿತು. ಉದ್ದ ವಾದಗಳ ಬದಲು ತುಣುಕು ತುಣುಕಾಗಿ ಬರೆದ ಅವನ ಶೈಲಿಯಲ್ಲಿ ಆ ತಲೆನೋವು ಮತ್ತು ಆ ನಡಿಗೆಯ ಪಾಲು ದೊಡ್ಡದು ಎಂದೇ ನಾನು ತಿಳಿದಿದ್ದೇನೆ.

ಪಿಂಚಣಿ, ಅಗ್ಗದ ಕೋಣೆ, ಒಬ್ಬ ಸಹಾಯಕ, ಜೇಬಿಗೆ ಹಿಡಿಸುವ ನೋಟುಪುಸ್ತಕ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ಪುಸ್ತಕಗಳ ಗತಿ ಏನಾಗುತ್ತಿತ್ತೋ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಹೊಸ ಪಿಂಚಣಿ ಯೋಜನೆಯವರು, ಅವರಿಗೆ ಹಳೆಯ ಬಗೆಯ ನಿಗದಿತ ಪಿಂಚಣಿಯಿಲ್ಲ. ಖಾಸಗಿ ಕಾಲೇಜಿನವರಿಗೆ, ಅತಿಥಿ ಉಪನ್ಯಾಸಕರಿಗೆ ಅಷ್ಟೂ ಇಲ್ಲ. ಆದ್ದರಿಂದ ಕಾಯಿಲೆಯವರನ್ನು ಕಂಡು “ಛಲ ಬಿಡಬೇಡಿ” ಎನ್ನುವ ಬದಲು “ಶುದ್ಧಪ್ರತಿ ನಾನು ಟೈಪ್ ಮಾಡಿಕೊಡಲೇ?” ಎಂದು ಕೇಳುವವರು ಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಗೆ ಕೇಳಿದಳು. ಈ ಲೇಖನವೂ ಅರ್ಧ ಅವಳ ಬೆರಳಿನದೇ.

ತಪ್ಪು ಕಲ್ಪನೆ: “ಬಾಯಲ್ಲಿ ಹೇಳಿ ಬರೆಸಿದ್ದು ನಿಜವಾದ ಬರವಣಿಗೆ ಅಲ್ಲ.”

ವಾಸ್ತವ: ವ್ಯಾಸರು ಹೇಳಿ ಗಣಪತಿ ಬರೆದ ಕಥೆ ಕೇಳುತ್ತ ಬೆಳೆದ ನಮಗೆ ಈ ಅನುಮಾನ ಎಲ್ಲಿಂದ ಬಂತೋ! ಕಣ್ಣು ಕಳೆದುಕೊಂಡ ಇಂಗ್ಲಿಷ್ ಕವಿ ಮಿಲ್ಟನ್ 1667ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯವನ್ನು ಹೇಳಿಯೇ ಬರೆಸಿದ್ದು. ಇಂದು ಕನ್ನಡಕ್ಕೂ ಯಂತ್ರದ ಗಣಪತಿ ಇದ್ದಾನೆ. 2017ರಿಂದ ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡದಲ್ಲಿ ಸಿಗುತ್ತಿದೆ.

ಆದರೆ ಅದನ್ನು ಪಳಗಿಸಿಕೊಳ್ಳಬೇಕು. ಮನೆಯಲ್ಲಿ ಆಡುವಂತೆ “ಮಾಡ್ಕೊಂಡ್ಬಂದ” ಎಂದರೆ ಅದಕ್ಕೆ ದಿಕ್ಕು ತಪ್ಪುತ್ತದೆ. “ಮಾಡಿಕೊಂಡು ಬಂದ” ಎಂದು ಬಿಡಿಸಿ ಹೇಳಬೇಕು. ಹಳಗನ್ನಡದ ಪದ ಬಂದರೆ ಅದಕ್ಕೆ ಹತ್ತಿರದ ಯಾವುದೋ ಊರಿನ ಹೆಸರು ಹಾಕಿಬಿಡುತ್ತದೆ. ವಿರಾಮಚಿಹ್ನೆಗಳನ್ನು ನಾನು ಆಮೇಲೆ ಕೈಯಿಂದಲೇ ಇಡುತ್ತೇನೆ. ಹೀಗೆ ಹೇಳುತ್ತ ಬರೆಯುವಾಗ ಗದ್ಯವೂ ಬದಲಾಯಿತು. ಉಸಿರು ಸಾಲದ ವಾಕ್ಯ ಬಾಯಲ್ಲಿ ನಿಲ್ಲುವುದಿಲ್ಲ. ಕಾಲೇಜಿನ ಕಾಲದಲ್ಲಿ ನಾನು ಬರೆಯುತ್ತಿದ್ದ “ಎಂಬುದನ್ನು ಗುರುತಿಸಬಹುದಾಗಿದೆ”, “ಎಂದು ಅಭಿಪ್ರಾಯಪಡಲಾಗಿದೆ” ಮುಂತಾದ ಬಾಲಗಳನ್ನು ಜೋರಾಗಿ ಹೇಳುವಾಗ ನಾಲಿಗೆಯೇ ಬೇಡವೆಂದಿತು. “ನನಗೆ ಹೀಗನಿಸುತ್ತದೆ” ಎನ್ನುವುದು ಎಷ್ಟು ಹಗುರ!

ತಪ್ಪು ಕಲ್ಪನೆ: “ದಿನಾ ಬರೆಯದವರು ಬರಹಗಾರರೇ ಅಲ್ಲ.”

ವಾಸ್ತವ: ದಿನಾ ಬರೆಯುವುದು ಒಂದು ಅಭ್ಯಾಸ, ಅರ್ಹತೆಯ ಪರೀಕ್ಷೆಯಲ್ಲ. ಲೂಪಸ್ ಇದ್ದ ಅಮೆರಿಕದ ಫ್ಲ್ಯಾನರಿ ಓಕಾನರ್ ತಾಯಿಯ ತೋಟದ ಮನೆಯಲ್ಲಿದ್ದು ಬೆಳಗಿನ ಎರಡು ಮೂರು ಗಂಟೆ ಮಾತ್ರ ಬರೆಯುತ್ತಿದ್ದಳು. 39ಕ್ಕೆ ತೀರಿಕೊಂಡವಳ ಕಥೆಗಳನ್ನು ಇಂದಿಗೂ ಓದುತ್ತಾರೆ. ಆ ಎರಡು ಗಂಟೆಯೂ ದಿನಾ ದಕ್ಕದವರಿದ್ದಾರೆ. ಅವರು ದಕ್ಕಿದ ದಿನ ಬರೆಯುತ್ತಾರೆ.

ತಪ್ಪು ಕಲ್ಪನೆ: “ನೋವೇ ಬಂಡವಾಳ. ಇನ್ನು ನಿಮ್ಮ ಕಾಯಿಲೆ ಬಗ್ಗೆಯೇ ಬರೀರಿ.”

ವಾಸ್ತವ: ಕಾಯಿಲೆಯ ಬಗ್ಗೆ ಬರೆಯಬೇಕೆನಿಸಿದವರು ಬರೆಯಲಿ, ಅಂಥ ಬರಹ ಕನ್ನಡಕ್ಕೆ ಬೇಕು. ಆದರೆ ನೋವು ತಾನಾಗಿ ಯಾರ ಬರವಣಿಗೆಯನ್ನೂ ಆಳಗೊಳಿಸುವುದಿಲ್ಲ. ನೋವಿರುವ ದಿನ ನನಗೆ ಸರಿಯಾದ ಪದ ಸಿಗುವುದಿಲ್ಲ, ಅಷ್ಟೇ ಅದರ ಕೊಡುಗೆ.

ಅಮೆರಿಕದ ಲೇಖಕಿ ಲಾರಾ ಹಿಲೆನ್‌ಬ್ರಾಂಡ್ 1987ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ದೀರ್ಘ ಆಯಾಸದ ಕಾಯಿಲೆ ಬಿದ್ದು ಓಹಾಯೊದ ಕೆನ್ಯನ್ ಕಾಲೇಜಿನ ಓದನ್ನೇ ಬಿಟ್ಟವಳು. ಮನೆಯಿಂದ ಹೊರಗೆ ಕಾಲಿಡಲಾಗದ ವರ್ಷಗಳಲ್ಲಿ ಆಕೆ ಬರೆದದ್ದು ‘ಸೀಬಿಸ್ಕಿಟ್’ ಎಂಬ ರೇಸ್ ಕುದುರೆಯ ಚರಿತ್ರೆ, 2001ರಲ್ಲಿ ಬಂತು. 2010ರಲ್ಲಿ ಎರಡನೆಯದು: ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಸಿಕ್ಕ ಒಲಿಂಪಿಕ್ ಓಟಗಾರ ಲೂಯಿ ಝಾಂಪರಿನಿಯ ಬದುಕು. ಹಾಸಿಗೆಯಲ್ಲಿದ್ದವಳು ಬರೆದದ್ದು ಓಟದ ಬಗ್ಗೆ. ಗ್ರಂಥಾಲಯದ ಮೈಕ್ರೋಫಿಲಂ ನೋಡಿದರೆ ತಲೆ ಸುತ್ತುತ್ತಿದ್ದುದರಿಂದ ಆ ಕಾಲದ ಹಳೆಯ ಪತ್ರಿಕೆಗಳನ್ನೇ ಈಬೇಯಲ್ಲಿ ಕೊಂಡು ಮನೆಗೆ ತರಿಸಿಕೊಂಡಳು. ಝಾಂಪರಿನಿಯ ಜೊತೆಗಿನ ಸಂದರ್ಶನಗಳೆಲ್ಲ ಫೋನಿನಲ್ಲೇ ನಡೆದವು. ಇದನ್ನೇ ನಾನು ಏರ್ಪಾಡು ಎಂದದ್ದು. ನಮ್ಮಲ್ಲಿ ಊರಿನ ಚರಿತ್ರೆ, ರಂಗಭೂಮಿಯ ನೆನಪು, ಕೃಷಿಕರ ಅನುಭವ ದಾಖಲಿಸುವವರಿಗೆ ಫೋನಿನ ಸಂದರ್ಶನ ಕಡಿಮೆ ದರ್ಜೆಯದೇನಲ್ಲ. ಹಿರಿಯರು ಫೋನಿನಲ್ಲಿ, ತಮ್ಮದೇ ಕುರ್ಚಿಯಲ್ಲಿ ಕುಳಿತು, ಎದುರು ಯಾರೂ ಇಲ್ಲದಾಗ ಹೆಚ್ಚು ಬಿಚ್ಚಿ ಮಾತಾಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ರೂಪವೂ ದೇಹಕ್ಕೆ ತಕ್ಕಂತೆ ಬದಲಾಗಬಹುದು. ಇಂಗ್ಲೆಂಡಿನ ಸುಸಾನಾ ಕ್ಲಾರ್ಕ್ ಅವರ ಮೊದಲ ಕಾದಂಬರಿ 2004ರದು, 800 ಪುಟಗಳ ಆಸುಪಾಸು. ಮರುವರ್ಷ ಕಾಯಿಲೆ. ಎರಡನೇ ಕಾದಂಬರಿ ‘ಪಿರಾನೇಸಿ’ ಬಂದದ್ದು 2020ರಲ್ಲಿ, 300 ಪುಟವೂ ಇಲ್ಲ. ಮುಂದಿನ ವರ್ಷ ಅದಕ್ಕೆ ವಿಮೆನ್ಸ್ ಪ್ರೈಜ್ ಬಂತು. ನಡುವಿನ ಹದಿನಾರು ವರ್ಷಗಳಲ್ಲಿ “ಆಕೆ ಬರೆಯುವುದನ್ನು ನಿಲ್ಲಿಸಿದಳು” ಎಂದವರು ಇದ್ದೇ ಇರುತ್ತಾರೆ.

ತಪ್ಪು ಕಲ್ಪನೆ: “ಕಾಲೇಜು ಬಿಟ್ಟಿರಿ ಅಂದರೆ ವಿದ್ವತ್ತಿನ ಲೋಕವೂ ಮುಗೀತು.”

ವಾಸ್ತವ: ಇದರಲ್ಲಿ ಅರ್ಧ ನಿಜವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಗುರುತಿನ ಚೀಟಿಯ ಅವಧಿ ಮುಗಿದ ದಿನವೇ ಸಂಶೋಧನಾ ಪತ್ರಿಕೆಗಳ ಬಾಗಿಲು ಮುಚ್ಚುತ್ತದೆ. 2025ರ ಜನವರಿಯಲ್ಲಿ ಶುರುವಾದ ಕೇಂದ್ರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಸಾವಿರಾರು ಪತ್ರಿಕೆಗಳನ್ನು ಓದಲು ಕೊಡುತ್ತದೆ, ಆದರೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಒಳಗಿರುವವರಿಗೆ. ಸ್ವತಂತ್ರವಾಗಿ ಸಂಶೋಧನೆ ಮಾಡುವ ಕಾಯಿಲೆಯವರು ಆ ದೇಶದೊಳಗೆ ಸೇರಿಲ್ಲ. ಸೇರಿಸಬೇಕೆಂದು ಕೇಳುವುದು ನ್ಯಾಯ.

ಉಳಿದರ್ಧ ಸುಳ್ಳು. ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು, ಕನ್ನಡದವೂ ಬೇಕಾದಷ್ಟಿವೆ. ಖರಗಪುರದ ಐಐಟಿ ರೂಪಿಸಿದ ನ್ಯಾಷನಲ್ ಡಿಜಿಟಲ್ ಲೈಬ್ರರಿ ಎಲ್ಲರದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿ.ಎಲ್. ರೈಸ್ ಶುರುಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಶಾಸನ ಸಂಪುಟಗಳಿವೆ, 1894ರ ಕಿಟೆಲ್ ನಿಘಂಟಿದೆ. ಎರಡೂ ಕೈಗಳಿಂದ ಎತ್ತಲಾಗದ ಆ ನಿಘಂಟನ್ನು ನಾನು ಮಲಗಿಕೊಂಡೇ ಫೋನಿನಲ್ಲಿ ತೆರೆಯುತ್ತೇನೆ.

ಮತ್ತೆ, ಕನ್ನಡದ ವಿದ್ವತ್ತು ಯಾವಾಗ ವಿಶ್ವವಿದ್ಯಾಲಯದ ಸ್ವತ್ತಾಗಿತ್ತು? ಡಿ.ವಿ.ಜಿ. ಪತ್ರಕರ್ತರು, ಪದವಿಯ ಮೆಟ್ಟಿಲು ಹತ್ತಿದವರಲ್ಲ. ಧಾರವಾಡದ ಶಂ.ಬಾ. ಜೋಶಿ ಶಾಲಾಮಾಸ್ತರರು, ಕರ್ನಾಟಕ ಸಂಸ್ಕೃತಿಯ ಬೇರು ಹುಡುಕಿದ ಅವರ ಕೃತಿಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಾಂಧಿಯವರ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು ಒಬ್ಬರೇ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ ಕಟ್ಟಿದರು. ಹೊರಗಿದ್ದು ದುಡಿದವರ ಈ ಸಾಲು ನಮ್ಮ ಭಾಷೆಯಲ್ಲಿ ಸಣ್ಣದಲ್ಲ.

ತಪ್ಪು ಕಲ್ಪನೆ: “ಪಿಎಚ್.ಡಿ. ಪ್ರಬಂಧ ಹೇಗೂ ಇದೆ, ಅದನ್ನೇ ಪುಸ್ತಕ ಮಾಡಿ, ರಾಯಧನ ಬರುತ್ತೆ.”

ವಾಸ್ತವ: ಪ್ರಬಂಧ ಬರೆದದ್ದು ಪರೀಕ್ಷಕರಿಗಾಗಿ. ನಮಗೆ ಗೊತ್ತಿದೆ ಎಂದು ಅವರಿಗೆ ತೋರಿಸಲು ಮೊದಲ ಎರಡು ಅಧ್ಯಾಯ ಹೋಗುತ್ತವೆ. ಪುಸ್ತಕ ಕೊಂಡವರಿಗೆ ಅದು ಬೇಡ. ಒಂದು ಅಧ್ಯಾಯದ ಒಂದು ಸಂಗತಿ ಹಿಡಿದು ಹೊಸದಾಗಿ ಬರೆಯುವುದು ಇಡೀ ಪ್ರಬಂಧವನ್ನು ಸವರುವುದಕ್ಕಿಂತ ಕಡಿಮೆ ಶ್ರಮದ ಕೆಲಸ. ಇನ್ನು ರಾಯಧನ: 200 ರೂಪಾಯಿಯ ಪುಸ್ತಕಕ್ಕೆ ವಾಡಿಕೆಯ ಶೇ. 10ರ ಲೆಕ್ಕದಲ್ಲಿ ಸಾವಿರ ಪ್ರತಿ ಪೂರ್ತಿ ಮಾರಿದರೆ 20,000 ರೂಪಾಯಿ. ಕನ್ನಡದಲ್ಲಿ ಸಾವಿರ ಪ್ರತಿ ಖರ್ಚಾಗಲು ವರ್ಷಗಳು ಹಿಡಿಯಬಹುದು. ರಕ್ತಪರೀಕ್ಷೆಯ ಬಿಲ್ಲು ಅಷ್ಟು ಕಾಯುವುದಿಲ್ಲ. ಅನುವಾದ, ಕರಡು ತಿದ್ದುವಿಕೆ, ಪಠ್ಯ ಸಂಪಾದನೆ ಮುಂತಾದ ಕೆಲಸಗಳಿಗೆ ಪುಟದ ಲೆಕ್ಕದಲ್ಲಿ ದುಡ್ಡು ಬರುತ್ತದೆ, ಮನೆಯಲ್ಲೇ ಮಾಡಬಹುದು. ಸಂಸಾರ ಅವುಗಳಿಂದ ನಡೆಯಲಿ, ಸ್ವಂತ ಬರವಣಿಗೆಯ ಮೇಲೆ ಆ ಭಾರ ಹೊರಿಸಬಾರದು.

ತಪ್ಪು ಕಲ್ಪನೆ: “ಸಂಪಾದಕರಿಗೆ ಕಾಯಿಲೆ ವಿಷಯ ಹೇಳಬೇಡಿ, ಬರೆಸೋದೇ ಬಿಟ್ಟಾರು.”

ವಾಸ್ತವ: ಬಚ್ಚಿಟ್ಟು ಗಡುವು ತಪ್ಪಿಸುವುದೇ ಹೆಚ್ಚು ಹಾನಿ. ಕಾಯಿಲೆಯ ಕಥೆ ಪೂರ್ತಿ ಹೇಳಬೇಕಾಗಿಲ್ಲ. “ನನಗೆ ಒಂದು ದೀರ್ಘ ಕಾಯಿಲೆಯಿದೆ, ಕೆಲವು ವಾರ ಕೈ ನಡೆಯುವುದಿಲ್ಲ. ನಿಮಗೆ ಬೇಕಾದ ದಿನಕ್ಕಿಂತ ಹದಿನೈದು ದಿನ ಮುಂಚಿನ ತಾರೀಕು ಕೊಡಿ” ಎಂದರೆ ಸಾಕು. ಒಳ್ಳೆಯ ಸಂಪಾದಕರು ಕೊಡುತ್ತಾರೆ. ಋತು, ಹಬ್ಬ, ಸುದ್ದಿಗೆ ಕಟ್ಟುಬೀಳದ ಒಂದೆರಡು ಬರಹಗಳನ್ನು ಅವರ ಬಳಿ ಮೊದಲೇ ಇಟ್ಟಿರುವುದು ಇನ್ನೂ ಒಳ್ಳೆಯದು. ಕೈ ಕೆರಳಿದ ವಾರ ಅಂಕಣದ ಜಾಗಕ್ಕೆ ಅವುಗಳಲ್ಲೊಂದು ಹೋಗುತ್ತದೆ. ಸಾಲು ಮುರಿಯುವುದಿಲ್ಲ, ಓದುಗರಿಗೂ ಗೊತ್ತಾಗುವುದಿಲ್ಲ. ಒಪ್ಪಿಕೊಳ್ಳುವ ಮುನ್ನ ಪದಗಳ ಮಿತಿ ಕೇಳಿ ಬರೆದಿಟ್ಟುಕೊಳ್ಳಿ: ಎಂಟುನೂರು ಪದ ಎಂದರೆ ಎಂಟುನೂರೇ. ಸಾವಿರದ ಇನ್ನೂರು ಬರೆದು ನಾನೂರು ಕತ್ತರಿಸಲು ಬೇಕಾದ ಬೆರಳಿನ ಶಕ್ತಿಯಲ್ಲಿ ಮುಂದಿನ ಲೇಖನದ ಅರ್ಧ ಆಗುತ್ತದೆ.